ಸಿಹಿಯ ಕೆಳಗೆ ಉಳಿದ ಕಥೆ: ‘ದಿ ಸೌಂಡ್ ಆಫ್ ಮ್ಯೂಸಿಕ್’ ಚಿತ್ರವೂ ಅದರ ವಿಮರ್ಶಕರೂ



ನಮ್ಮ ಕಾನ್ವೆಂಟ್ ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ಪುಟ್ಟ ಮಕ್ಕಳು ಸಾಲಾಗಿ ನಿಂತು ‘ಡೋ ರೆ ಮಿ’ ಹಾಡುವುದನ್ನು ನೀವು ಕೇಳಿರುತ್ತೀರಿ. ಅದು ‘ದಿ ಸೌಂಡ್ ಆಫ್ ಮ್ಯೂಸಿಕ್’ ಎಂಬ ಚಲನಚಿತ್ರದ ಹಾಡೆಂಬುದೂ ನಿಮ್ಮಲ್ಲಿ ಹಲವರಿಗೆ ತಿಳಿದಿದೆ. ಕನ್ಯಾಮಠ ಸೇರಿದ್ದ ಒಬ್ಬ ತರುಣಿ, ತಾಯಿಯನ್ನು ಕಳೆದುಕೊಂಡ ಏಳು ಮಕ್ಕಳು, ಅವರ ಕಟ್ಟುನಿಟ್ಟಿನ ತಂದೆ, ಆ ಮನೆಯೊಳಕ್ಕೆ ಮರಳಿ ಬರುವ ಸಂಗೀತ, ಅದರೊಂದಿಗೆ ಅರಳುವ ಪ್ರೇಮ, ಕೊನೆಗೆ ನಾಜಿಗಳ ಕೈಗೆ ಸಿಕ್ಕದೆ ತಾಯ್ನಾಡನ್ನೇ ತೊರೆಯುವ ಕುಟುಂಬ: ಇದು ಅದರ ಕಥೆ. 1965ರ ಮಾರ್ಚ್ 2ರಂದು ನ್ಯೂಯಾರ್ಕಿನ ರಿವೋಲಿ ಚಿತ್ರಮಂದಿರದಲ್ಲಿ ಮೊದಲ ಪ್ರದರ್ಶನ ಕಂಡ ಈ ಚಿತ್ರಕ್ಕೆ 2025ರಲ್ಲಿ ಅರವತ್ತು ವರ್ಷ ತುಂಬಿತು.

ಮೂರು ತಲೆಮಾರಿನ ಜನ ಪ್ರೀತಿಸಿದ ಈ ಚಿತ್ರವನ್ನು, ಅದು ಹೊರಬಂದ ವಾರಗಳಲ್ಲಿ ಅಮೆರಿಕದ ಹೆಸರಾಂತ ವಿಮರ್ಶಕರು ಹೀಗಳೆದಿದ್ದರು ಎಂದರೆ ನಿಮಗೆ ಅಚ್ಚರಿಯಾಗಬಹುದು. ಹಾಗಾದರೆ ತಪ್ಪಿದವರು ಯಾರು, ವಿಮರ್ಶಕರೋ ಜನಸಾಮಾನ್ಯರೋ? ವಿಶ್ವಾಸಿಗಳಾದ ನಮಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ಮಠ, ಪ್ರಾರ್ಥನೆ, ದೈವಕರೆಗಳನ್ನು ಗೌರವದಿಂದ ತೋರಿಸಿದ ಕೃತಿಯೊಂದನ್ನು ಯಾರಾದರೂ ಟೀಕಿಸಿದರೆ ನಮ್ಮ ಮನಸ್ಸು ಕೂಡಲೇ ಆ ಕೃತಿಯ ಪರ ವಹಿಸುತ್ತದೆ. ಹಾಗೆ ಪರ ವಹಿಸುವ ಮೊದಲು ಟೀಕೆಯ ಮಾತನ್ನು ಪೂರ್ತಿ ಕೇಳಿಸಿಕೊಂಡರೆ ಏನು ದೊರೆಯುತ್ತದೆ ಎಂಬುದಕ್ಕೆ ಈ ಚಿತ್ರದ ಚರಿತ್ರೆ ಒಳ್ಳೆಯ ನಿದರ್ಶನವಾಗಿದೆ.

ಪುಸ್ತಕದಿಂದ ರಂಗಕ್ಕೆ, ರಂಗದಿಂದ ತೆರೆಗೆ

ಕಥೆಯ ಮೂಲ ಒಂದು ಆತ್ಮಕಥನ. ಆಸ್ಟ್ರಿಯಾ ಬಿಟ್ಟು ಅಮೆರಿಕಕ್ಕೆ ಬಂದು ನೆಲೆಸಿದ ಮರಿಯಾ ಫಾನ್ ಟ್ರಾಪ್ ಎಂಬ ಮಹಿಳೆ ತಮ್ಮ ಕುಟುಂಬದ ಅನುಭವಗಳನ್ನು 1949ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅದನ್ನು ಆಧರಿಸಿ 1956ರಲ್ಲಿ ಮತ್ತು 1958ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಎರಡು ಚಿತ್ರಗಳು ತಯಾರಾಗಿ ಅಲ್ಲಿ ಜನಪ್ರಿಯವಾದವು. ಅನಂತರ 1959ರ ನವೆಂಬರ್ 16ರಂದು ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ಅದು ಸಂಗೀತ ನಾಟಕವಾಗಿ ಕಾಣಿಸಿಕೊಂಡಿತು. ಸಂಗೀತ ರಿಚರ್ಡ್ ರೋಜರ್ಸ್ ಅವರದು, ಗೀತರಚನೆ ಆಸ್ಕರ್ ಹ್ಯಾಮರ್‌ಸ್ಟೈನ್ ಅವರದು.

ಇವರಿಬ್ಬರೂ ಕಥೋಲಿಕರಾಗಿರಲಿಲ್ಲ, ರೋಜರ್ಸ್ ಯೆಹೂದಿ ಮನೆತನದವರು. ಆದ್ದರಿಂದಲೇ ಏನೋ, ತಮಗೆ ಪರಿಚಯವಿಲ್ಲದ ಮಠಜೀವನವನ್ನು ಚಿತ್ರಿಸುವಾಗ ಅವರು ಬಹಳ ಎಚ್ಚರಿಕೆ ವಹಿಸಿದರು. ಇಲಿನಾಯ್ ರಾಜ್ಯದ ರೋಸರಿ ಕಾಲೇಜಿನಲ್ಲಿ ನಾಟಕ ಕಲಿಸುತ್ತಿದ್ದ ಡೊಮಿನಿಕನ್ ಸಭೆಯ ಸಿಸ್ಟರ್ ಗ್ರೆಗರಿಯವರೊಡನೆ ಪತ್ರ ವ್ಯವಹಾರ ನಡೆಸಿ, ಕನ್ಯಾಸ್ತ್ರೀಯರ ಅಂತರಂಗದ ಕುರಿತು ತಿಳಿದುಕೊಂಡರು. ಆರಾಧನಾ ಸಂಗೀತದ ಧಾಟಿಯನ್ನು ಅರಿಯಲೆಂದು ರೋಜರ್ಸ್ ಅವರು ಮ್ಯಾನ್‌ಹಟನ್‌ವಿಲ್ ಕಾಲೇಜಿನ ಧರ್ಮಭಗಿನಿಯರ ಗಾಯನ ಕೇಳಿಬಂದರು. ನಾಟಕ ಆರಂಭವಾದ ಒಂಬತ್ತು ತಿಂಗಳಲ್ಲಿ, 1960ರ ಆಗಸ್ಟ್ 23ರಂದು, ಹ್ಯಾಮರ್‌ಸ್ಟೈನ್ ತೀರಿಕೊಂಡರು. ಅನೇಕರು ಆಸ್ಟ್ರಿಯಾದ ಜನಪದ ಗೀತೆಯೆಂದೇ ಭಾವಿಸಿರುವ ‘ಎಡೆಲ್‌ವೈಸ್’ ಅವರು ಬರೆದ ಕೊನೆಯ ಹಾಡು.

ನಾಟಕ 1,443 ಪ್ರದರ್ಶನಗಳನ್ನು ಕಂಡಿತು. ಆದರೂ ವಿಮರ್ಶಕರಿಗೆ ಪೂರ್ಣ ತೃಪ್ತಿಯಾಗಿರಲಿಲ್ಲ. ಹಾಡುಗಳು ಚೆನ್ನಾಗಿವೆ, ಕಥೆ ಮಾತ್ರ ಹಳೆಯ ಸಂಗೀತ ನಾಟಕಗಳ ಸವಕಲು ಜಾಡಿಗೆ ಬಿದ್ದಿದೆ ಎಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಬ್ರೂಕ್ಸ್ ಅಟ್ಕಿನ್ಸನ್ ಮರುಗಿದರು. ಹೆರಾಲ್ಡ್ ಟ್ರಿಬ್ಯೂನ್ ಪತ್ರಿಕೆಯ ವಾಲ್ಟರ್ ಕೆರ್ ಅವರಿಗೆ ಅದರ ಸಿಹಿ ಅತಿಯಾಯಿತು. ಮುಂದೆ ಚಿತ್ರದ ಬೆನ್ನು ಹತ್ತಿದ ‘ಅತಿಯಾದ ಸಿಹಿ’ ಎಂಬ ಆಪಾದನೆ ಹೀಗೆ ರಂಗಭೂಮಿಯಲ್ಲೇ ಹುಟ್ಟಿಕೊಂಡಿತ್ತು.

ವಿಮರ್ಶಕರ ತೀರ್ಪು

ಚಿತ್ರವನ್ನು ನಿರ್ದೇಶಿಸಿದವರು ರಾಬರ್ಟ್ ವೈಸ್. ಚಿತ್ರಕಥೆ ಅರ್ನೆಸ್ಟ್ ಲೇಮನ್ ಅವರದು. ಮರಿಯಾ ಪಾತ್ರದಲ್ಲಿ ಜೂಲಿ ಆಂಡ್ರೂಸ್, ಕ್ಯಾಪ್ಟನ್ ಫಾನ್ ಟ್ರಾಪ್ ಪಾತ್ರದಲ್ಲಿ ಕ್ರಿಸ್ಟಫರ್ ಪ್ಲಮರ್ ನಟಿಸಿದರು. ಸುಮಾರು 82 ಲಕ್ಷ ಡಾಲರ್ ವೆಚ್ಚದಲ್ಲಿ, 1964ರಲ್ಲಿ, ಆಸ್ಟ್ರಿಯಾದ ಸಾಲ್ಜ್‌ಬರ್ಗ್ ನಗರದಲ್ಲಿಯೂ ಹಾಲಿವುಡ್‌ನ ಸ್ಟುಡಿಯೋದಲ್ಲಿಯೂ ಚಿತ್ರೀಕರಣ ನಡೆಯಿತು. ಎಂಟನೆಯ ಶತಮಾನದ ಆರಂಭದಲ್ಲಿ ಸಂತ ರೂಪರ್ಟರು ಸ್ಥಾಪಿಸಿದ ನೊನ್‌ಬೆರ್ಗ್ ಬೆನೆಡಿಕ್ಟೀನ್ ಮಠದ ಹೆಬ್ಬಾಗಿಲಲ್ಲಿ ಚಿತ್ರೀಕರಣಕ್ಕೆ ಅನುಮತಿ ದೊರೆಯಿತು. ಒಳಗೆ ಕ್ಯಾಮೆರಾಕ್ಕೆ ಪ್ರವೇಶವಿರಲಿಲ್ಲವಾದ್ದರಿಂದ ಮಠದ ಒಳಭಾಗವನ್ನು ಸ್ಟುಡಿಯೋದಲ್ಲೇ ನಿರ್ಮಿಸಿದರು.

ಬಿಡುಗಡೆಯ ಮರುದಿನವೇ ನ್ಯೂಯಾರ್ಕ್ ಟೈಮ್ಸ್‌ನ ಬಾಸ್ಲಿ ಕ್ರೌದರ್ ಅವರ ವಿಮರ್ಶೆ ಪ್ರಕಟವಾಯಿತು. ಜೂಲಿ ಆಂಡ್ರೂಸ್ ಅವರ ಅಭಿನಯವನ್ನು ಅವರು ಮೆಚ್ಚಿದರು. ಉಳಿದದ್ದನ್ನೆಲ್ಲ ಹಳಸಿದ ಭಾವುಕತೆಯೆಂದು ತಳ್ಳಿಹಾಕಿದರು. ಇದು ಎಳೆಯ ಮಕ್ಕಳಿಗಷ್ಟೇ ತಕ್ಕ ಅಂಟಂಟು ಮಿಠಾಯಿ ಎಂಬ ಧಾಟಿಯಲ್ಲಿ ಜೂಡಿತ್ ಕ್ರಿಸ್ಟ್ ಬರೆದರು. ಎಲ್ಲಕ್ಕಿಂತ ತೀಕ್ಷ್ಣವಾದ ಪೆಟ್ಟು ಕೊಟ್ಟವರು ‘ಮೆಕಾಲ್ಸ್’ ಎಂಬ ಮಹಿಳಾ ಮಾಸಿಕದಲ್ಲಿ ಬರೆಯುತ್ತಿದ್ದ ಪಾಲಿನ್ ಕೇಲ್. ಅವರ ದೃಷ್ಟಿಯಲ್ಲಿ ಈ ಚಿತ್ರ ಸಕ್ಕರೆ ಲೇಪಿಸಿದ ಒಂದು ಸುಳ್ಳು. ಜನರು ತಿನ್ನಲು ಬಯಸುವುದೂ ಅಂಥದ್ದನ್ನೇ. ಆಕೆ ಇನ್ನೊಂದು ಪ್ರಶ್ನೆಯನ್ನೂ ಎತ್ತಿದರು: ಆ ಏಳು ಮಕ್ಕಳಲ್ಲಿ ಹಾಡಲು ಮನಸ್ಸಿಲ್ಲದ, ವೇದಿಕೆ ಹತ್ತಲು ಹೆದರುವ ಒಂದು ಮಗುವಾದರೂ ಇರಲಿಲ್ಲವೆ?

ಓದುಗರೇ, ಈ ಟೀಕೆಯನ್ನು ಧರ್ಮದ್ವೇಷವೆಂದು ಬದಿಗೆ ಸರಿಸುವುದು ಸುಲಭ. ಆದರೆ ಇವರಲ್ಲಿ ಯಾರೂ ಮಠವನ್ನಾಗಲಿ ಪ್ರಾರ್ಥನೆಯನ್ನಾಗಲಿ ಗೇಲಿ ಮಾಡಿರಲಿಲ್ಲ. ನಿಜವಾದ ಮನುಷ್ಯರ ಬದುಕು ಇಷ್ಟು ನಯವಾಗಿರುವುದಿಲ್ಲ, ಆ ನಯದಲ್ಲಿ ಏನೋ ಮರೆಯಾಗಿದೆ ಎಂಬುದು ಅವರ ಆಕ್ಷೇಪದ ತಿರುಳು. ಮರೆಯಾದದ್ದು ಏನೆಂದು ಅವರು ಹೇಳಲಿಲ್ಲ. ಅದನ್ನು ಮುಂದೆ ನೋಡೋಣ.

ಜನರ ತೀರ್ಪು

ಪತ್ರಿಕೆಗಳು ಏನೇ ಬರೆದರೂ ಜನ ಚಿತ್ರಮಂದಿರಗಳಿಗೆ ಬಂದರು, ಮತ್ತೆ ಮತ್ತೆ ಬಂದರು. ಅಮೆರಿಕದಲ್ಲಿ ಮೊದಲ ಬಿಡುಗಡೆಯ ಪ್ರದರ್ಶನಗಳೇ ನಾಲ್ಕೂವರೆ ವರ್ಷ ನಡೆದವು. 1966ರ ಕೊನೆಯ ವೇಳೆಗೆ ಅದು 1939ರ ‘ಗಾನ್ ವಿತ್ ದಿ ವಿಂಡ್’ ಚಿತ್ರವನ್ನು ಹಿಂದಿಕ್ಕಿ, ಅಂದಿನವರೆಗೆ ಅತಿ ಹೆಚ್ಚು ಹಣ ಗಳಿಸಿದ ಚಿತ್ರವೆನಿಸಿತು. 1963ರ ‘ಕ್ಲಿಯೋಪಾತ್ರ’ ಚಿತ್ರದ ವಿಪರೀತ ವೆಚ್ಚದಿಂದ ದಿವಾಳಿಯ ಅಂಚಿಗೆ ಬಂದಿದ್ದ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆ ಮರಳಿ ಉಸಿರಾಡಿತು. 1966ರ ಏಪ್ರಿಲ್‌ನಲ್ಲಿ ನಡೆದ ಆಸ್ಕರ್ ಸಮಾರಂಭದಲ್ಲಿ ಹತ್ತು ನಾಮನಿರ್ದೇಶನಗಳ ಪೈಕಿ ಶ್ರೇಷ್ಠ ಚಿತ್ರ, ಶ್ರೇಷ್ಠ ನಿರ್ದೇಶನಗಳೂ ಸೇರಿದಂತೆ ಐದು ಪ್ರಶಸ್ತಿಗಳು ಇದಕ್ಕೆ ಸಂದವು. ನಮ್ಮ ದೇಶದಲ್ಲಿಯೂ, ಗುಲ್ಜಾರ್ ಅವರು 1972ರಲ್ಲಿ ನಿರ್ದೇಶಿಸಿದ ‘ಪರಿಚಯ್’ ಹಿಂದಿ ಚಿತ್ರದ ಮನೆಪಾಠದ ಗುರು, ತುಂಟ ಮಕ್ಕಳು ಮತ್ತು ಸ್ವರ ಕಲಿಸುವ ಹಾಡಿನಲ್ಲಿ ಇದರ ನೆರಳು ಕಾಣುತ್ತದೆ.

ಕಾಲ ಕಳೆದಂತೆ ಪಂಡಿತರ ಮನಸ್ಸೂ ಮೆತ್ತಗಾಯಿತು. 1998ರಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಪ್ರಕಟಿಸಿದ ನೂರು ಶ್ರೇಷ್ಠ ಅಮೆರಿಕನ್ ಚಿತ್ರಗಳ ಪಟ್ಟಿಯಲ್ಲಿ ಇದಕ್ಕೆ 55ನೇ ಸ್ಥಾನ ದೊರೆಯಿತು. 2007ರ ಪಟ್ಟಿಯಲ್ಲಿ ಅದು 40ಕ್ಕೇರಿತು. 2001ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಸಂರಕ್ಷಣಾ ಪಟ್ಟಿಗೆ ಸೇರಿತು. ಈ ಚಿತ್ರದ ಬಗ್ಗೆ ಬಹುಕಾಲ ಮೂಗು ಮುರಿಯುತ್ತಿದ್ದ ಕ್ರಿಸ್ಟಫರ್ ಪ್ಲಮರ್ ಅವರೇ, ಎಷ್ಟೋ ವರ್ಷಗಳ ನಂತರ ಮಕ್ಕಳ ನಡುವೆ ಕುಳಿತು ಅದನ್ನು ಮತ್ತೊಮ್ಮೆ ನೋಡಿದಾಗ ಮನಸೋತುದನ್ನು ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ.

ತವರಿನ ನಿರುತ್ಸಾಹ

ಜಗತ್ತೆಲ್ಲ ಹಾಡಿ ನಲಿದಾಗ, ಕಥೆ ನಡೆದ ಊರು ಮಾತ್ರ ಮುಖ ತಿರುಗಿಸಿತು. ಆಸ್ಟ್ರಿಯಾ ಮತ್ತು ಜರ್ಮನಿಗಳಲ್ಲಿ ಚಿತ್ರ ಸೋತಿತು. ಈಗಾಗಲೇ ತಮ್ಮದೇ ಭಾಷೆಯಲ್ಲಿ ಎರಡು ಟ್ರಾಪ್ ಚಿತ್ರಗಳನ್ನು ನೋಡಿದ್ದ ಜನರಿಗೆ ಹಾಲಿವುಡ್‌ನ ವೇಷಭೂಷಣ, ಹಾಡುಗಳು ಪರಕೀಯವೆನಿಸಿದವು. ಇನ್ನೊಂದು ಕಾರಣ ಹೆಚ್ಚು ನೋವಿನದು. 1938ರ ಮಾರ್ಚ್‌ನಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾ ಪ್ರವೇಶಿಸಿದಾಗ ಬೀದಿಗಳಲ್ಲಿ ಹೂವಿನ ಸ್ವಾಗತ ಕೋರಿದವರು ಕಡಿಮೆಯೇನೂ ಇರಲಿಲ್ಲ. 1965ರಲ್ಲಿ ಆ ನೆನಪು ಹಸಿಯಾಗಿತ್ತು. ಮ್ಯೂನಿಕ್‌ನಲ್ಲಿ ವಿತರಣೆಯ ಹೊಣೆ ಹೊತ್ತಿದ್ದ ಅಧಿಕಾರಿಯೊಬ್ಬರು ನಾಜಿಗಳು ಬರುವ ಕೊನೆಯ ಭಾಗವನ್ನೇ ಕತ್ತರಿಸಿ, ಮದುವೆಯೊಂದಿಗೆ ಚಿತ್ರ ಮುಗಿಯುವಂತೆ ಮಾಡಿದ್ದರು. ಸಂಸ್ಥೆಯು ಕತ್ತರಿಸಿದ ಭಾಗವನ್ನು ಮತ್ತೆ ಸೇರಿಸಿ, ಆ ಅಧಿಕಾರಿಯನ್ನು ಕೆಲಸದಿಂದ ತೆಗೆಯಿತು.

ಇಂದು ಸಾಲ್ಜ್‌ಬರ್ಗ್‌ಗೆ ಈ ಚಿತ್ರದ ಜಾಗಗಳನ್ನು ಹುಡುಕಿಕೊಂಡು ಬರುವ ಪ್ರವಾಸಿಗರಿಗೆ ಲೆಕ್ಕವಿಲ್ಲ. ಆದರೂ ಆ ನಗರದ ಪ್ರಮುಖ ರಂಗಮಂದಿರದಲ್ಲಿ ಈ ನಾಟಕ ಪ್ರದರ್ಶನವಾದದ್ದು 2011ರಲ್ಲಿ. ಸಕ್ಕರೆಯ ಕಥೆಯೆಂದು ಹೆಸರಾದ ಈ ಚಿತ್ರದಲ್ಲಿ ಕೆಲವರಿಗೆ ನುಂಗಲಾಗದ ಕಹಿಯೂ ಇತ್ತೆಂಬುದನ್ನು ಅಮೆರಿಕದ ವಿಮರ್ಶಕರು ಗಮನಿಸಲಿಲ್ಲ.

ಚಿತ್ರ ಹೇಳದೆ ಬಿಟ್ಟದ್ದು

ಈಗ ನಿಜಜೀವನದ ಕಡೆ ಹೊರಳೋಣ. ಮರಿಯಾ ಆಗುಸ್ತಾ ಕುಚೇರಾ ಹುಟ್ಟಿದ್ದು 1905ರ ಜನವರಿ 26ರಂದು, ವಿಯೆನ್ನಾದತ್ತ ಸಾಗುತ್ತಿದ್ದ ರೈಲಿನಲ್ಲಿ. ಎಳವೆಯಲ್ಲೇ ಅನಾಥಳಾದ ಆಕೆ, ಧರ್ಮವನ್ನು ತಿರಸ್ಕರಿಸುತ್ತಿದ್ದ ಪೋಷಕರ ಮನೆಯಲ್ಲಿ ಬೆಳೆದಳು. ಗರಿಗಳ ಭಾನುವಾರದಂದು ಸಂಗೀತ ಕಛೇರಿಯೆಂದು ತಿಳಿದು ದೇವಾಲಯವೊಂದನ್ನು ಹೊಕ್ಕವಳಿಗೆ ಯೇಸುಸಭೆಯ ಗುರುವೊಬ್ಬರ ಪ್ರಬೋಧನೆ ಕಿವಿಗೆ ಬಿತ್ತು; ಬದುಕಿನ ದಾರಿಯೇ ಬದಲಾಯಿತು. ನೊನ್‌ಬೆರ್ಗ್ ಮಠ ಸೇರಿದ್ದ ಆಕೆಯನ್ನು 1926ರಲ್ಲಿ ನೌಕಾಪಡೆಯ ನಿವೃತ್ತ ಅಧಿಕಾರಿ ಗೆಯೋರ್ಗ್ ಫಾನ್ ಟ್ರಾಪ್ ಅವರ ಮನೆಗೆ ಕಳುಹಿಸಿದರು. ಕಳುಹಿಸಿದ್ದು ಏಳು ಮಕ್ಕಳನ್ನು ಸಂಭಾಳಿಸಲಿಕ್ಕಲ್ಲ, ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಒಬ್ಬ ಮಗಳಿಗೆ ಪಾಠ ಹೇಳಲು. ಆ ಮನೆಯಲ್ಲಿ ಆಗಲೇ ಸಂಗೀತವಿತ್ತು; ತಂದೆ ಮೃದು ಸ್ವಭಾವದವರು. ಚಿತ್ರದಲ್ಲಿ ಅವರನ್ನು ಕಠೋರ ಮನುಷ್ಯನನ್ನಾಗಿ ತೋರಿಸಿದ್ದು ಮರಿಯಾ ಅವರನ್ನೂ ಮಕ್ಕಳನ್ನೂ ಕೊನೆಯವರೆಗೆ ನೋಯಿಸಿತು.

1927ರ ನವೆಂಬರ್ 26ರಂದು ನೊನ್‌ಬೆರ್ಗ್ ಮಠದ ದೇವಾಲಯದಲ್ಲಿಯೇ ಅವರಿಬ್ಬರ ವಿವಾಹ ನೆರವೇರಿತು. ವರನಿಗೆ 47 ವರ್ಷ, ವಧುವಿಗೆ 22. ಇದು ಪ್ರೇಮವಿವಾಹವಾಗಿರಲಿಲ್ಲವೆಂದು ಮರಿಯಾ ಮುಂದೆ ನೇರವಾಗಿ ಬರೆದರು. ಅವಳು ಪ್ರೀತಿಸಿದ್ದು ಮಕ್ಕಳನ್ನು. ವಿವಾಹವಾಗುವುದೇ ದೇವರ ಚಿತ್ತವೆಂದು ಮಠದ ಅಧ್ಯಕ್ಷೆ ವರ್ಜಿಲಿಯಾ ತಿಳಿಸಿದಾಗ ಅವಳು ಮಣಿದಳು. ಕನ್ಯಾಸ್ತ್ರೀಯಾಗಬೇಕೆಂಬ ಆಸೆ ಕೈಗೂಡಲಿಲ್ಲವೆಂದು ಬಲಿಪೀಠದ ಮುಂದೆ ನಿಂತಾಗಲೂ ಒಳಗೊಳಗೆ ಕುದಿಯುತ್ತಿದ್ದಳು. ಪತಿಯ ಮೇಲಿನ ಪ್ರೀತಿ ಆಮೇಲೆ, ಸಂಸಾರದ ದಿನಗಳಲ್ಲಿ ಬೆಳೆಯಿತು. ಹಾಗೆ ಬೆಳೆದ ಪ್ರೀತಿ ಅವಳ ಬಾಳಿನಲ್ಲಿ ಹಿಂದೆಂದೂ ಕಾಣದಷ್ಟು ಆಳವಾಗಿತ್ತು. ಹಾಲಿವುಡ್ ಇದನ್ನು ಬೆಳದಿಂಗಳ ಮಂಟಪದ ಪ್ರಣಯವಾಗಿ ಬದಲಿಸಿತು. ಹಿರಿಯರು ನಿಶ್ಚಯಿಸಿದ ಮದುವೆಯಲ್ಲಿ ಕಾಲಿಟ್ಟು, ವರ್ಷಗಳ ಸಹಬಾಳ್ವೆಯಲ್ಲಿ ಒಬ್ಬರನ್ನೊಬ್ಬರು ಕಂಡುಕೊಂಡ ಎಷ್ಟೋ ದಂಪತಿಗಳು ನಮ್ಮ ಧರ್ಮಕೇಂದ್ರಗಳಲ್ಲಿದ್ದಾರೆ. ಅವರಿಗೆ ಸಿನಿಮಾದ ಮರಿಯಾಳಿಗಿಂತ ನಿಜವಾದ ಮರಿಯಾಳೇ ಹತ್ತಿರದ ಸಂಬಂಧಿಯೆನಿಸಿಯಾಳು.

ಚಿತ್ರದಲ್ಲಿ ಕುಟುಂಬ ಶ್ರೀಮಂತಿಕೆಯಲ್ಲೇ ಇರುತ್ತದೆ. ನಿಜದಲ್ಲಿ, 1930ರ ದಶಕದ ಆರ್ಥಿಕ ಕುಸಿತದಲ್ಲಿ ಅವರು ಹಣವಿಟ್ಟಿದ್ದ ಬ್ಯಾಂಕು ಮುಳುಗಿ ಹೋಯಿತು. ಹೆಚ್ಚಿನ ಆಳುಕಾಳುಗಳನ್ನು ಬಿಡಿಸಿ, ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಟ್ಟು ಸಂಸಾರ ತೂಗಿಸಿದರು. ಹಾಡುವುದು ಜೀವನೋಪಾಯವಾದದ್ದು ಆ ಬಡತನದಲ್ಲಿ. ಆ ದಿನಗಳಲ್ಲೇ, 1935ರ ಸುಮಾರಿಗೆ, ಮನೆಯ ಪ್ರಾರ್ಥನಾಲಯದಲ್ಲಿ ಬಲಿಪೂಜೆ ಅರ್ಪಿಸಲು ಬಂದ ವಂ. ಫ್ರಾನ್ಜ್ ವಾಸ್ನರ್ ಎಂಬ ತರುಣ ಗುರು ಅವರ ಹಾಡು ಕೇಳಿ ತಿದ್ದಿದರು. ಮುಂದೆ ಎರಡು ದಶಕಗಳ ಕಾಲ ಆ ಗಾಯನ ತಂಡವನ್ನು ನಡೆಸಿದವರು, ದೇಶ ಬಿಟ್ಟಾಗಲೂ ಜೊತೆಗೆ ಹೊರಟವರು ಅವರೇ. ಚಿತ್ರದಲ್ಲಿ ವಾಸ್ನರ್ ಗುರುಗಳಿಲ್ಲ! ಅವರ ಜಾಗದಲ್ಲಿ ಮ್ಯಾಕ್ಸ್ ಎಂಬ, ಲಾಭ ನಗುಗಳಲ್ಲೇ ಮುಳುಗಿದ ಕಲ್ಪಿತ ವ್ಯಕ್ತಿಯೊಬ್ಬ ಬಂದಿದ್ದಾನೆ. ಪ್ರತಿದಿನದ ಬಲಿಪೂಜೆಯನ್ನೂ ಅದನ್ನು ಅರ್ಪಿಸಿದ ಗುರುವನ್ನೂ ಬಿಟ್ಟು ಆ ಮನೆಯ ಕಥೆ ಹೇಳಿದರೆ, ಆ ಮನೆಯ ಹೃದಯವನ್ನೇ ಬಿಟ್ಟಂತಾಗುತ್ತದೆ.

ದೇಶ ತೊರೆದ ಬಗೆಯೂ ಬೇರೆ. ಚಿತ್ರದ ಕೊನೆಯಲ್ಲಿ ನವದಂಪತಿಗಳು ಮಕ್ಕಳೊಂದಿಗೆ ಬೆಟ್ಟ ಹತ್ತಿ ಸ್ವಿಟ್ಜರ್‌ಲೆಂಡಿಗೆ ಸಾಗುತ್ತಾರೆ. ಸಾಲ್ಜ್‌ಬರ್ಗ್‌ನ ಆ ಬೆಟ್ಟ ದಾಟಿದವರು ತಲಪುವುದು ಹಿಟ್ಲರನ ಜರ್ಮನಿಯನ್ನು! 1938ರ ಹೊತ್ತಿಗೆ ಅವರು ಮದುವೆಯಾಗಿ ಹನ್ನೊಂದು ವರ್ಷ ತುಂಬುತ್ತಿತ್ತು. ಇನ್ನಿಬ್ಬರು ಹೆಣ್ಣುಮಕ್ಕಳಿದ್ದರು, ಮರಿಯಾ ಮತ್ತೊಮ್ಮೆ ಗರ್ಭಿಣಿಯಾಗಿದ್ದರು. ನಾಜಿ ನೌಕಾಪಡೆಯ ಹುದ್ದೆಗೆ ತಂದೆ ಇಲ್ಲವೆಂದರು. ವೈದ್ಯನಾಗಿದ್ದ ಹಿರಿಯ ಮಗ ರೂಪರ್ಟ್, ಯೆಹೂದಿ ವೈದ್ಯರನ್ನು ಹೊರದಬ್ಬಿ ತೆರವಾಗಿಸಿದ ಹುದ್ದೆಯನ್ನು ನಿರಾಕರಿಸಿದ. ಹಿಟ್ಲರನ ಹುಟ್ಟುಹಬ್ಬಕ್ಕೆ ಹಾಡಬೇಕೆಂಬ ಆಹ್ವಾನಕ್ಕೂ ಕುಟುಂಬ ಒಪ್ಪಲಿಲ್ಲ. ಹೀಗೆ ಮೂರು ಬಾರಿ ಬೇಡವೆಂದ ಮೇಲೆ ಅಲ್ಲಿ ಉಳಿಯುವಂತಿರಲಿಲ್ಲ. ಹಗಲಲ್ಲೇ ರೈಲು ಹತ್ತಿ ಇಟಲಿಗೆ, ಅಲ್ಲಿಂದ ಅಮೆರಿಕಕ್ಕೆ ನಡೆದರು. ಅವರು ಬಿಟ್ಟುಹೋದ ಮನೆಯನ್ನು ನಾಜಿ ಮುಖಂಡ ಹಿಮ್ಲರ್ ಬಳಸಿಕೊಂಡ.

ಇನ್ನು ಪಾಲಿನ್ ಕೇಲ್ ಕೇಳಿದ ಪ್ರಶ್ನೆ. ವರ್ಷವಿಡೀ ಊರೂರು ಸುತ್ತಿ ಹಾಡುವ ಬದುಕು ತಮಗೆ ಹಗುರವಾಗಿರಲಿಲ್ಲವೆಂದು ಆ ಮಕ್ಕಳಲ್ಲಿ ಕೆಲವರು ದೊಡ್ಡವರಾದ ಮೇಲೆ ಹೇಳಿಕೊಂಡರು. ಆಕೆಯ ಅನುಮಾನ ತೀರಾ ಬುಡವಿಲ್ಲದ್ದಾಗಿರಲಿಲ್ಲ.

ಧರ್ಮಸಭೆ ಕಂಡ ಬಗೆ

ಈ ಚಿತ್ರ ಬಂದಾಗ ದ್ವಿತೀಯ ವ್ಯಾಟಿಕನ್ ಮಹಾಸಭೆ ಇನ್ನೂ ನಡೆಯುತ್ತಿತ್ತು. ಸಂಪರ್ಕ ಮಾಧ್ಯಮಗಳನ್ನು ಕುರಿತ ಅದರ ಆದೇಶಪತ್ರ 1963ರ ಡಿಸೆಂಬರ್ 4ರಂದು ಹೊರಬಂದಿತ್ತು. ಸಿನಿಮಾವನ್ನು ಸಂಶಯದಿಂದಷ್ಟೇ ನೋಡುತ್ತಿದ್ದ ಕಾಲ ಮುಗಿಯುತ್ತಾ ಬಂದಿತ್ತು. ಚಿತ್ರಗಳನ್ನು ವರ್ಗೀಕರಿಸುತ್ತಿದ್ದ ಅಮೆರಿಕದ ಕಥೋಲಿಕ ಕಚೇರಿ ಇದನ್ನು ಎಲ್ಲ ವಯಸ್ಸಿನವರೂ ನೋಡಬಹುದಾದ ಮೊದಲ ದರ್ಜೆಯಲ್ಲಿ ಇರಿಸಿತು. ಆ ದೇಶದಲ್ಲಿ ಧರ್ಮಭಗಿನಿಯರ ಸಂಖ್ಯೆ ಉಚ್ಛ್ರಾಯಕ್ಕೇರಿ, ಸುಮಾರು 1 ಲಕ್ಷ 80 ಸಾವಿರ ತಲಪಿದ್ದ ವರ್ಷವೂ ಅದೇ 1965.

ಇನ್ನೊಂದು ಸಂಗತಿಯನ್ನು ಗಮನಿಸಿ. ಚಲನಚಿತ್ರ ಕಲೆಗೆ ನೂರು ವರ್ಷ ತುಂಬಿದ ಸಂದರ್ಭದಲ್ಲಿ, 1995ರಲ್ಲಿ, ವ್ಯಾಟಿಕನ್ನಿನ ಸಾಮಾಜಿಕ ಸಂಪರ್ಕ ಪರಿಷತ್ತು ಶ್ರೇಷ್ಠವಾದ 45 ಚಿತ್ರಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಧರ್ಮ, ಮೌಲ್ಯ, ಕಲೆ ಎಂಬ ಮೂರು ವಿಭಾಗಗಳಲ್ಲಿ ‘ಗಾಂಧಿ’ ಇದೆ, ‘ಬೆನ್ ಹರ್’ ಇದೆ, ಮಕ್ಕಳು ಮೆಚ್ಚುವ ‘ವಿಜ಼ರ್ಡ್ ಆಫ್ ಓಜ಼್’ ಕೂಡ ಇದೆ. ‘ಸೌಂಡ್ ಆಫ್ ಮ್ಯೂಸಿಕ್’ ಇಲ್ಲ. ಕನ್ಯಾಸ್ತ್ರೀಯರು ಬರುತ್ತಾರೆ ಎಂಬುದು ಆ ಪಟ್ಟಿಗೆ ಸೇರಲು ಸಾಕಾಗಲಿಲ್ಲವೆಂಬುದನ್ನು ಇದರಿಂದ ತಿಳಿಯಬಹುದು.

ಹಾಗೆಂದು ಚಿತ್ರವನ್ನು ಪ್ರೀತಿಸಿದ ಕೋಟ್ಯಂತರ ಜನ ಮೋಸಹೋದರೆನ್ನೋಣವೆ? ನಾನು ಹಾಗೆ ಹೇಳಲಾರೆ. ಕಷ್ಟದಿಂದ ತಪ್ಪಿಸಿಕೊಳ್ಳಲು ಮಠವನ್ನು ಮರೆಯಾಗಿಸಿಕೊಳ್ಳಬಾರದೆಂದು ಮಠಾಧ್ಯಕ್ಷೆ ಮರಿಯಾಳನ್ನು ಮರಳಿ ಕಳುಹಿಸುವ ದೃಶ್ಯ ನೆನಪಿಸಿಕೊಳ್ಳಿ. ಸಂಸಾರವೂ ಸನ್ಯಾಸದಂತೆ ದೇವರ ಕರೆಯೇ ಎಂಬುದನ್ನು ಅದಕ್ಕಿಂತ ಸರಳವಾಗಿ ಜನಕೋಟಿಗೆ ಮುಟ್ಟಿಸಿದ ಚಿತ್ರಗಳು ಹೆಚ್ಚಿಲ್ಲ. ಅಧಿಕಾರದ ಮುಂದೆ ತಲೆಬಾಗದೆ ಎಲ್ಲವನ್ನೂ ಬಿಟ್ಟು ಹೊರಟ ತಂದೆಯೊಬ್ಬನನ್ನೂ ಅದು ತೋರಿಸಿತು. ಸಕ್ಕರೆಯ ಕೆಳಗೂ ಜನ ಈ ರುಚಿಯನ್ನು ಗುರುತಿಸಿದರು. ಹೀಗಾಗಿ ಸಿಹಿ ಹೆಚ್ಚಾಯಿತೆಂದ ವಿಮರ್ಶಕರ ಮಾತೂ ನಿಜ, ಮನಸ್ಸು ತುಂಬಿ ಬಂತೆಂದ ಜನರ ಮಾತೂ ನಿಜ.

ನನ್ನನ್ನು ಕಾಡುವುದು ಬೇರೊಂದು. ಪ್ರೇಕ್ಷಕರಿಗೆ ಹಿಡಿಸಲಾರದೆಂದು ಕಥೆ ಕಟ್ಟಿದವರು ತೆಗೆದುಹಾಕಿದ್ದು ಏನನ್ನು? ಬಡತನವನ್ನು, ವಿಧೇಯತೆಯನ್ನು, ನಿಧಾನವಾಗಿ ಬೆಳೆಯುವ ದಾಂಪತ್ಯವನ್ನು, ಮನೆಯ ನಡುವಿನ ಬಲಿಪೂಜೆಯನ್ನು. ವಿಶ್ವಾಸದ ಬದುಕು ನಿಂತಿರುವುದು ಇವುಗಳ ಮೇಲೆಯೇ. ಹಾಗಿರುವಾಗ ‘ಇದು ಅತಿ ನಯವಾಯಿತು’ ಎಂದ ವಿಮರ್ಶಕರು, ತಮಗೆ ಅರಿವಿಲ್ಲದೆಯೇ, ವಿಶ್ವಾಸದ ಪರವಾಗಿಯೇ ಮಾತಾಡಿದ್ದರು. ಭಕ್ತಿಯ ಚಿತ್ರ, ಭಕ್ತಿಯ ನಾಟಕ, ಭಕ್ತಿಗೀತೆಗಳು ನಮ್ಮಲ್ಲಿಯೂ ಬರುತ್ತಿವೆ. ಅವುಗಳ ಉದ್ದೇಶ ಒಳ್ಳೆಯದೆಂಬ ಒಂದೇ ಕಾರಣಕ್ಕೆ ಗುಣದೋಷಗಳ ವಿಚಾರವನ್ನೇ ಮಾಡದೆ ಬಿಡುವುದು ಕಲೆಗೂ ಹಿತವಲ್ಲ, ಭಕ್ತಿಗೂ ಹಿತವಲ್ಲ. ಎಲ್ಲವನ್ನೂ ಒರೆಗೆ ಹಚ್ಚಿ ನೋಡುವಂತೆ ಥೆಸಲೋನಿಕದ ವಿಶ್ವಾಸಿಗಳಿಗೆ ಸಂತ ಪೌಲರು ನೀಡಿದ ಬುದ್ಧಿವಾದ ಇಂಥ ವಿಷಯಗಳಿಗೂ ಅನ್ವಯಿಸುತ್ತದೆ.

ಮುಂದಿನ ರಜೆಯಲ್ಲಿ ಮನೆಮಂದಿಯೆಲ್ಲ ಕುಳಿತು ಈ ಚಿತ್ರವನ್ನು ಮತ್ತೊಮ್ಮೆ ನೋಡಿ. ಮಕ್ಕಳು ಹಾಡಲಿ, ನೀವೂ ದನಿಗೂಡಿಸಿ. ಚಿತ್ರ ಮುಗಿದ ಮೇಲೆ ಅವರಿಗೆ ಮುಳುಗಿದ ಬ್ಯಾಂಕಿನ ಕಥೆ ಹೇಳಿ, ಬಾಡಿಗೆಗೆ ಕೊಟ್ಟ ಕೋಣೆಗಳ ಕಥೆ ಹೇಳಿ, ಮನೆಯ ಪುಟ್ಟ ಪ್ರಾರ್ಥನಾಲಯದಲ್ಲಿ ಹಾಡು ತಿದ್ದುತ್ತಿದ್ದ ವಾಸ್ನರ್ ಗುರುಗಳ ಹೆಸರನ್ನೂ ಹೇಳಿ.